ಈರವ್ವನಿಗೆ ಎರಡನೇ ನಂಬರು

ಅಮೆರಿಕದ ಡಲ್ಲಾಸ್ ಪಕ್ಕದ ಮೆಕಿನ್ನಿಯ ಈರವ್ವನನ್ನು ಅಲ್ಲಿನ ಕನ್ನಡಿಗರು ಹದಿನೆಂಟು ವರ್ಷಗಳಿಂದ ಬಲ್ಲರು. ಬಲ್ಲರು ಎಂದರೆ, ಹಬ್ಬ ಹತ್ತಿರ ಬಂದಾಗ ಫೋನ್ ಮಾಡಿ ‘ಆಂಟಿ, ಈ ಸಲ ನಾಲ್ಕುನೂರು ರೊಟ್ಟಿ’ ಎಂದು ಹೇಳುವಷ್ಟು. ಹಬ್ಬ ಯಾವಾಗ, ಎಲ್ಲಿ, ಯಾರ ನಾಟಕ ಎಂಬುದನ್ನೆಲ್ಲ ಬೇರೆಯವರೇ ಕೂತು ತೀರ್ಮಾನಿಸಿರುತ್ತಿದ್ದರು. ಗದಗಿನ ಹೆಣ್ಣುಮಗಳಿಗೆ ರೊಟ್ಟಿ ಬಡಿಯಲು ಬೇಸರವಿಲ್ಲ. ತನ್ನನ್ನು ಒಂದು ಮಾತೂ ಕೇಳದ್ದಕ್ಕೆ ಮಾತ್ರ ಮೈ ಉರಿಯುತ್ತಿತ್ತು. ಒಮ್ಮೆಯಾದರೂ ಕನ್ನಡ ಸಂಘದ ಮಂಡಳಿಯ ಕುರ್ಚಿಯಲ್ಲಿ ಕೂರಬೇಕು ಎಂದು ಹಟ ಹಿಡಿದಳು.

ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಊರಿಗೆ ಸೇರಿದ ಮಂಡಳಿ ಅದು, ಐದು ಸ್ಥಾನ. ಹ್ಯೂಸ್ಟನ್ನಿನ ಸದಸ್ಯರೇ ಹೆಚ್ಚಾಗಿದ್ದರಿಂದ ಪ್ರತಿ ಸಲ ಐದಕ್ಕೆ ಐದೂ ಅವರ ಪಾಲಾಗುತ್ತಿತ್ತು. ಜಗಳ ಅತಿಯಾಗಿ 2016ರಲ್ಲಿ ಹೊಸ ಪದ್ಧತಿ ಬಂತು: ಹೆಸರುಗಳ ಮುಂದೆ ಒಂದು, ಎರಡು, ಮೂರು ಎಂದು ಬರೆಯಬೇಕು.

“ಇಪ್ಪತ್ತೊಂದು ವೋಟು ಬಂದೋರು ಗೆದ್ದ ಹಾಗೆ,” ಎಂದು ವಿವರಿಸಿದರು ಪೇರ್‌ಲ್ಯಾಂಡಿನ ನಿವೃತ್ತ ಎಂಜಿನಿಯರ್ ಮಹಾಬಲೇಶ್ವರ, ಆ ಸಲದ ಚುನಾವಣಾಧಿಕಾರಿ. “ಅದಕ್ಕಿಂತ ಜಾಸ್ತಿ ಬಂದ್ರೆ ಮಿಕ್ಕಿದ್ದು ಆ ಚೀಟಿಗಳಲ್ಲಿ ಎರಡನೇ ನಂಬರ್ ಇರೋರಿಗೆ. ಒಬ್ಬರ ಎಲೆ ತುಂಬಿದ್ಮೇಲೆ ಹೋಳಿಗೆ ಪಕ್ಕದ ಎಲೆಗೆ ಬಡಿಸಲ್ವಾ, ಹಂಗೆ.”

ಪಂಕ್ತಿಯ ಲೆಕ್ಕ ಈರವ್ವನಿಗೆ ಯಾರೂ ಕಲಿಸಬೇಕಿಲ್ಲ. ಉಳಿದ ಅಭ್ಯರ್ಥಿಗಳೆಲ್ಲ ಒಂದನೇ ನಂಬರಿಗೆ ಮುಗಿಬಿದ್ದಿದ್ದಾಗ ಇವಳು ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿವರೆಗೂ ಫೋನ್ ಮಾಡಿದಳು. “ಒಂದು ನಿಮ್ಮ ಡಾಕ್ಟರ್ ಗುರುರಾಜರಿಗೇ ಕೊಡ್ರಿ. ನನಗ ಎರಡನೇದು ಸಾಕು.” ಯಾರಿಗೂ ಇಲ್ಲವೆನ್ನಲು ಬಾಯಿ ಬರಲಿಲ್ಲ.

ಆಸ್ಟಿನ್ನಿನ ಒಂದು ಹಾಲ್‌ನಲ್ಲಿ ಮತದಾನ. ಗಂಡ ನೀಲಕಂಠಪ್ಪ, ಹದಿನೆಂಟು ತುಂಬಿದ ಮಗಳು ಐಶ್ವರ್ಯಾ ಜೊತೆಯಲ್ಲೇ ಬಂದು ವೋಟು ಹಾಕಿದರು. ಮೊದಲ ಎಣಿಕೆಯಲ್ಲಿ ಹ್ಯೂಸ್ಟನ್ನಿನ ಡಾಕ್ಟರ್ ಗುರುರಾಜರಿಗೆ ನಲವತ್ಮೂರು, ಈರವ್ವನಿಗೆ ಒಂಬತ್ತು. ಆಮೇಲೆ ಡಾಕ್ಟರರಿಗೆ ಮಿಕ್ಕ ವೋಟುಗಳು ಹಂಚಿಕೆಯಾದವು. ಅದರಲ್ಲಿ ಹನ್ನೆರಡು ಅವಳ ಎಲೆಗೆ ಬಿದ್ದವು. ಸರಿಯಾಗಿ ಇಪ್ಪತ್ತೊಂದು! ಡಾಕ್ಟರರೇ ಮೊದಲು ಎದ್ದು ಬಂದು ಕೈ ಮುಗಿದರು.

ಮೆಕಿನ್ನಿಗೆ ವಾಪಸ್ ಡ್ರೈವ್ ಮಾಡುವಾಗ ನೀಲಕಂಠಪ್ಪನ ಮುಖ ಯಾಕೋ ಸಪ್ಪಗಿತ್ತು. ಟೆಂಪಲ್ ಊರು ದಾಟಿದ ಮೇಲೆ ಬಾಯಿಬಿಟ್ಟ.

“ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ. ಬರೆಯೋ ಹೊತ್ತಿಗೆ ಡಾಕ್ಟರ್ ಮಗ್ಗಲದಾಗs ಕುಂತಿದ್ರು. ಅವರ ಕಣ್ಣೆದುರಿಗೇ ಅವರ ಹೆಸರಿಗೆ ಎರಡು ಅಂತ ಬರೆಯೋದು ಹೆಂಗ? ಒಂದು ಅವರಿಗೆ ಹಾಕಿದೆ. ನಿನಗ ಎರಡು.”

ಈರವ್ವನಿಗೆ ನಗು ತಡೆಯಲಾಗಲಿಲ್ಲ.

“ನಾನೂ ಹಾಕಿಲ್ರೀ. ನನ್ನ ಹೆಸರಿಗೆ ನಾನs ಒಂದು ಹಾಕ್ಕೊಂಡ್ರ ಚೊಲೋ ಕಾಣ್ತದೇನು? ಡಾಕ್ಟರಿಗೇ ಹಾಕಿ, ನನಗ ಎರಡು ಬರಕೊಂಡೆ. ನೀವಂತೂ ಹಾಕೇ ಹಾಕಿರ್ತೀರಿ ಅಂತ ಧೈರ್ಯ.”

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಬಿದ್ದು ಬಿದ್ದು ನಗುತ್ತಲೇ ಈರವ್ವ, “ಊರ ಮಂದಿ ಒಂಬತ್ತು ಜನ ಒಂದು ಕೊಟ್ರು, ನಮ್ಮ ಮನಿಯಿಂದ ಒಂದೂ ಇಲ್ಲ ನೋಡ್ರಿ” ಎಂದಳು.

ಹಿಂದಿನ ಸೀಟಿನಲ್ಲಿ ಮಗಳು ಕಿವಿಯಿಂದ ಇಯರ್‌ಫೋನ್ ತೆಗೆದಳು.

“ಎಂಟು ಜನ, ಅಮ್ಮ. ಐ ಪುಟ್ ಯೂ ಫಸ್ಟ್.”