ಬಿಟ್ಟು ಮುಂದೆ ಹೋಗು
ಬಿಸಿನೆಸ್ ಸ್ಕೂಲಿನ ಪ್ರವೇಶ ಪರೀಕ್ಷೆ ಕಟ್ಟಿದಾಗಿನಿಂದ ಈ ಮನೆಯ ಹಿರಿಮಗಳಿಗೆ ಲೋಕವೇ ಒಂದು ಪ್ರಶ್ನೆಪತ್ರಿಕೆ. ಹಗಲು ವಿಮಾ ಕಚೇರಿಯ ಕೆಲಸ, ಸಂಜೆ ಓದು, ನಡುವೆ ಸಿಕ್ಕ ಹೊತ್ತಿನಲ್ಲೆಲ್ಲ ಹೇಗೆ ಓದಬೇಕೆಂಬ ಯೋಜನೆ. ಗೋಡೆಯ ಮೇಲಿನ ವೇಳಾಪಟ್ಟಿಯಲ್ಲಿ ಲೆಕ್ಕಕ್ಕೆ ಹಸಿರು, ಭಾಷೆಗೆ ಕೆಂಪು, ಸ್ನಾನಕ್ಕೂ ಒಂದು ಬಣ್ಣವಿದೆ. ಚಪ್ಪಲಿ ಕೊಳ್ಳಲು ಹೋದರೂ, "ನಾಲ್ಕು ಆಯ್ಕೆಯಲ್ಲಿ ತಪ್ಪಾದ ಎರಡನ್ನ ಮೊದಲು ಹೊಡೆದುಹಾಕಬೇಕು" ಅನ್ನುತ್ತಾಳೆ. ಸಕ್ಕರೆ ಡಬ್ಬಿಯ ಮುಚ್ಚಳ ಎರಡು ನಿಮಿಷದಲ್ಲಿ ಬಿಚ್ಚಿಕೊಳ್ಳದಿದ್ದರೆ ಡಬ್ಬಿಯನ್ನು ಪಕ್ಕಕ್ಕಿಟ್ಟು ಪಾತ್ರೆ ತೊಳೆಯಲು ಹೊರಡುತ್ತಾಳೆ. "ಹಾಗಾದ್ರೆ ಕಾಫಿಗೆ ಸಕ್ಕರೆ ಯಾವಾಗ ಬೀಳುತ್ತೆ, ಮಹಾತಾಯಿ?" ಎಂದು ಅಮ್ಮ ಕೇಳಿದರೆ, "ಕೊನೇಲಿ ಟೈಮ್ ಉಳಿದ್ರೆ ವಾಪಸ್ ಬರ್ತೀನಮ್ಮ. ಬರದ ಪ್ರಶ್ನೆಗೆ ಅಂಟಿಕೊಂಡು ಕೂರಬಾರದು" ಎಂಬ ಉತ್ತರ ಸಿದ್ಧ. ಕಚೇರಿಯಲ್ಲಿ ಪಕ್ಕದ ಮೇಜಿನವಳು ಗಂಡನ ಜಗಳ ಹೇಳಿಕೊಂಡು ಅತ್ತಾಗಲೂ, "ಎರಡು ನಿಮಿಷ ಆಯ್ತು ಕಣೇ, ಗುರುತು ಹಾಕಿ ಬಿಟ್ಟು ಮುಂದೆ ಹೋಗು" ಅಂದುಬಿಟ್ಟಳು. ಆದರೆ ಪಾರ್ಶ್ವವಾಯು ಬಡಿದ ಮೇಲೆ ಅಪ್ಪನಿಗೆ ಮಾತು ಸಲೀಸಾಗಿ ಬರುವುದಿಲ್ಲ. ಸಂಜೆ, ಸರಿಯಾಗಿ ಹಸಿರು ಹೊತ್ತಿಗೇ, ಅವನು "ಅದು... ಅದು..." ಎಂದು ಏನನ್ನೋ ಶುರುಮಾಡುತ್ತಾನೆ. ಮಾತು ಎತ್ತಿಕೊಡಲು ಬಂದ ಅಮ್ಮನನ್ನು ಕಣ್ಣಲ್ಲೇ ತಡೆದು, ಮಗಳು ಕೈಗಡಿಯಾರ ಬಿಚ್ಚಿ ಬೋರಲು ಹಾಕಿ ಅವನೆದುರು ಕೂರುತ್ತಾಳೆ. "ಅವಸರ ಇಲ್ಲಪ್ಪಾ, ನಿಧಾನಕ್ಕೆ ಹೇಳು." ಹಸಿರು ಕಳೆದು ಕೆಂಪು ಹೊತ್ತು ಬಂದರೂ ಅವಳು ಕದಲುವುದಿಲ್ಲ. ಕೊನೆಗೆ ಅಪ್ಪನ ಬಾಯಿಂದ ಹೊರಬೀಳುವುದು, ಹೆಚ್ಚಿನ ದಿನ, ಒಂದೇ ಮಾತು: "ಹೋಗು... ಓದ್ಕೋ."