ಪುಟ್ಟಮ್ಮನ ಖಾಲಿ ಚೌಕ

ಮಕ್ಕಳೇ, ಕಂಪ್ಯೂಟರನ್ನು ನಾನು ಮುಟ್ಟಿದ್ದು ಧೂಳು ಒರೆಸಲು ಮಾತ್ರ. ಆದರೂ ಅದು ಜನರನ್ನು ಹೇಗೆ ಎತ್ತಿಡುತ್ತದೆ ಎನ್ನುವುದು ನನಗೆ ಚೆನ್ನಾಗಿ ಗೊತ್ತು. ನಮ್ಮ ಅಡುಗೆಮನೆಯ ಮಡಕೆಗಳ ಹಾಗೆ ಅಂದುಕೊಳ್ಳಬೇಡಿ. ಮಡಕೆಗೆ ಏನನ್ನಾದರೂ ತುಂಬಬಹುದು. ಕಂಪ್ಯೂಟರು ಅಷ್ಟು ಧಾರಾಳಿಯಲ್ಲ.

ಚಿನಕುರಳಿ ಕಡೆಯ ನಮ್ಮೂರಿನಲ್ಲಿ ಹೆಂಗಸರದೇ ಹಾಲಿನ ಸಂಘ ಆಗುತ್ತಿತ್ತು. ಪಾಂಡವಪುರದಲ್ಲಿ ಕಂಪ್ಯೂಟರ್ ಕಲಿಯುತ್ತಿದ್ದ ನನ್ನ ಮಗಳು, ನಿಮ್ಮ ಸುಮಿತ್ರತ್ತೆ, ಸದಸ್ಯರ ವಿವರ ತುಂಬಿಕೊಡಲು ಒಪ್ಪಿದ್ದಳು. ಅವಳು ಬರೆದ ಪ್ರೋಗ್ರಾಮಿನ ಪದ್ಧತಿ ಇದು: ಒಬ್ಬೊಬ್ಬ ಹೆಂಗಸಿಗೂ ಒಂದೊಂದು ಗಂಟು. ಗಂಟಿನೊಳಗೆ ಹೆಸರು, ದನ ಎಂದು ಚೀಟಿ ಅಂಟಿಸಿದ ಪೊಟ್ಟಣಗಳು, ಪೊಟ್ಟಣದೊಳಗೆ ಅವಳ ಹೆಸರು ಇಂಥದ್ದು, ದನ ಇಷ್ಟು ಎಂಬ ವಿವರ. ಗಂಟುಗಳನ್ನೆಲ್ಲ ಬಿಚ್ಚಿ, ಚೀಟಿಗಳನ್ನು ಮೇಲೆ ಕಾಲಂಗಳ ಹೆಸರಾಗಿ ಮಾಡಿ, ಒಬ್ಬೊಬ್ಬರನ್ನು ಒಂದೊಂದು ಸಾಲಿನಲ್ಲಿ ಕೂರಿಸಿದರೆ ಅದು ಟೇಬಲ್ಲು. ಮದುವೆಮನೆಯ ಪಂಕ್ತಿಯಲ್ಲಿ ಎಲ್ಲರ ಎಲೆಯಲ್ಲೂ ಉಪ್ಪು ಒಂದೇ ಮೂಲೆಗೆ ಬೀಳುವ ಹಾಗೆ.

ನಮ್ಮ ಹೆಂಗಸರು ಪಂಕ್ತಿಗೆ ತಕ್ಕಂತೆ ಮಾತಾಡುವವರೇ? ನಮ್ಮ ಜಗುಲಿಯಲ್ಲಿ ಕೂತು ವಿವರ ಕೊಡುವಾಗ ಒಬ್ಬಳು ತನ್ನ ಎಮ್ಮೆ ಒದೆಯುತ್ತದೆ ಎಂದಳು. ಸುಮಿತ್ರ ಅದನ್ನೂ ತುಂಬಿದಳು. ಒದೆಯುವುದಕ್ಕೇ ಒಂದು ಕಾಲಂ ಹುಟ್ಟಿಕೊಂಡು, ಊರಿನ ಮಿಕ್ಕವರ ಸಾಲಿನಲ್ಲೆಲ್ಲ ಆ ಚೌಕ ಖಾಲಿ ಬಿತ್ತು. ನಕ್ಕು ಅಳಿಸಿದೆವು.

ಗಂಡನ ಹೆಸರಿನ ಕಾಲಂ ಮಾತ್ರ ನಗುವಂಥದ್ದಾಗಿರಲಿಲ್ಲ. ಅದು ಖಾಲಿ ಇದ್ದರೆ ಆ ಸಾಲನ್ನೇ ಸೇರಿಸದಂತೆ ಸುಮಿತ್ರ ಪ್ರೋಗ್ರಾಮಿಗೆ ಕಟ್ಟು ಹಾಕಿದ್ದಳು. ನಾವೋ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದವರು. ಕೇಳಿದರೆ ಸೆರಗು ಬಾಯಿಗೆ ಹೋಗುತ್ತದೆ, ಪಕ್ಕದವಳು ನಮ್ಮ ಪರವಾಗಿ ಹೇಳುತ್ತಾಳೆ. ಹಾಗೇ ಒಬ್ಬರದನ್ನೊಬ್ಬರು ಹೇಳಿ ಕಾಲಂ ತುಂಬುತ್ತಾ ಬಂದು ಪುಟ್ಟಮ್ಮನ ಹತ್ತಿರ ನಿಂತಿತು. ಅವಳ ಗಂಡ ಅವಳನ್ನು ಬಿಟ್ಟು ಕೆ.ಆರ್. ಪೇಟೆಯಲ್ಲಿ ಬೇರೆ ಸಂಸಾರ ಹೂಡಿ ವರ್ಷಗಳಾಗಿದ್ದವು. ಸಂಘಕ್ಕೆ ಸೇರದಿದ್ದರೆ ಅವಳು ಹೋಟೆಲಿನವನು ಹೇಳಿದ ದರಕ್ಕೇ ಹಾಲು ಹಾಕಿಕೊಂಡಿರಬೇಕು. ಪಕ್ಕದವಳು ಆ ಹೆಸರು ಹೇಳಲು ಬಾಯಿ ತೆರೆದಳು. ಪುಟ್ಟಮ್ಮ ಅವಳ ಕೈ ಅದುಮಿದಳು.

"ಅವನ ಹೆಸರು ಆಕೋದಾದ್ರೆ ನನ್ನ ಹೆಸರೇ ಬ್ಯಾಡ ಬುಡವ್ವ."

ನಾವು ಹೇಳದಿದ್ದದ್ದು ಗಂಡಂದಿರ ಮರ್ಯಾದೆಗೆ, ಅವಳು ಹೇಳದಿದ್ದದ್ದು ತನ್ನ ಮರ್ಯಾದೆಗೆ. ಕಂಪ್ಯೂಟರಿಗೆ ಎರಡೂ ಬರೀ ಖಾಲಿ.

ನಾಲ್ಕು ಜನರೆದುರು ದನಿ ಎತ್ತದವಳು ನಾನು. ಅಂದು ಯಾಕೋ ಎತ್ತಿದೆ. "ಸುಮಿ, ಆಲು ಕರೆಯೋಳು ಅವಳಲ್ವೇನೇ? ಅವಳ ಹೆಸರಿನ ಚೌಕ ಖಾಲಿ ಇರಬಾರ್ದು. ಇನ್ನೊಂದು ಖಾಲಿ ಇದ್ರೆ ನಿನ್ನ ಕಂಪ್ಯೂಟರಿಗೆ ಏನಾಯ್ತದೆ?"

ಏನೂ ಆಗುವುದಿಲ್ಲವಂತೆ. ಪ್ರೋಗ್ರಾಮಿನಲ್ಲಿ ಒಂದು ಸಾಲು ತಿದ್ದಿದರೆ ಮುಗಿಯಿತಂತೆ. ಮೊದಲೇ ಯಾಕೆ ತಿದ್ದಲಿಲ್ಲವೇ ಎಂದರೆ, ಯಾರೂ ಕೇಳಿರಲಿಲ್ಲವಂತೆ.

ಸಂಘ ಶುರುವಾದ ಬೆಳಿಗ್ಗೆ, ನೋಡಲು ಬಂದಿದ್ದ ಅಧಿಕಾರಿ ಅಚ್ಚಾದ ಟೇಬಲ್ಲಿನ ಮೇಲೆ ಬೆರಳಾಡಿಸುತ್ತಾ ಪುಟ್ಟಮ್ಮನ ಸಾಲಿನಲ್ಲಿ ಗಂಡನ ಹೆಸರಿನ ಚೌಕಕ್ಕೆ ಬಂದು ನಿಂತರು. ಇಲ್ಲೇನೂ ಇಲ್ಲವಲ್ಲಮ್ಮ ಎಂದರು. ಪುಟ್ಟಮ್ಮ ಹಾಲಿನ ಕ್ಯಾನು ಕೆಳಗಿಟ್ಟಳು.

"ಅಲ್ಲೇನೂ ಇಲ್ಲ ಸಾಮಿ. ಅದರ ಪಕ್ಕಕ್ಕೆ ನೋಡಿ, ಎರಡು ಹಸ ಅವೆ."

ಅವರ ಬೆರಳು ಪಕ್ಕಕ್ಕೆ ಸರಿಯಿತು.