ರಾಂಗ್ ರೀಜನ್

ಹೆಂಚಿನ ಮೇಲೆ ಹತ್ತಿ ನಾನು ಡಿಶ್ ಆಂಟೆನಾವನ್ನು ಚೀನಾದ ಕಡೆಗೆ ತಿರುಗಿಸುತ್ತಿದ್ದೆ. ಕೆಳಗಿನಿಂದ ಮೇಸ್ತ್ರಿ ಕೂಗಿದರು: "ರೈಟ್ರೇ, ಡಿವಿಡಿ ನೋಡೋಕೆ ಡಿಶ್ ಯಾಕೆ ಮಾರಾಯ್ರೇ? ಇಳೀರಿ, ಹೆಂಚು ಒಡೀತದೆ."

ವಸ್ತಾರೆ ಹತ್ತಿರದ ನಮ್ಮ ಎಸ್ಟೇಟಿಗೆ ಕಾಫಿಬೀಜ ವಿಂಗಡಿಸುವ ಯಂತ್ರ ಕೂರಿಸಲು ಚೀನಾದಿಂದ ಲೀ ಬಂದಿದ್ದ. ತನ್ನ ಭಾಷೆ ಕಿವಿಗೆ ಬೀಳದೆ ಚಡಪಡಿಸುತ್ತಿದ್ದವನು ಅಂದು ಮನೆಯಿಂದ ತಂದ ಸಿನಿಮಾದ ಡಿವಿಡಿ ತೆಗೆದಿದ್ದ. ನಮ್ಮ ಹೊಸ ಪ್ಲೇಯರ್ 'ರಾಂಗ್ ರೀಜನ್' ಎಂದು ಅದನ್ನು ಉಗುಳಿತು. ಇಂಗ್ಲಿಷ್ ಬಲ್ಲ ಎಸ್ಟೇಟ್ ರೈಟರ್ ನಾನೇ ಆದ್ದರಿಂದ, ದಿಕ್ಕು ತಪ್ಪಿದೆ ಎಂದು ಎಲ್ಲರಿಗೂ ವಿವರಿಸಿ ಮಾಡು ಹತ್ತಿದ್ದೆ. ಬೇರೆ ದೇಶದ ಡಿಸ್ಕನ್ನು ಕೆಲವು ಪ್ಲೇಯರ್‌ಗಳು ಓಡಿಸುವುದಿಲ್ಲ ಎಂಬುದು ಆಗ ನನಗೆ ಗೊತ್ತಿರಲಿಲ್ಲ.

ಇಳಿದವನು ಡಿಸ್ಕನ್ನು ಪಂಚೆಯಲ್ಲಿ ಒರೆಸಿ ಹಾಕಿದೆ. ಮತ್ತೆ ಅದೇ ಉತ್ತರ. ಲೀ ನನ್ನ ಭುಜ ಹಿಡಿದು, ಆಳುಗಳಿಂದ ಕಲಿತಿದ್ದ ಒಂದೇ ಕನ್ನಡ ವಾಕ್ಯ ಹೇಳಿದ: "ಸಾಕು ಮಾರಾಯ, ಕೂತ್ಕೋ."

ಆಮೇಲೆ ಟಿವಿ ಮುಂದೆ ನಿಂತು, ತನ್ನ ಭಾಷೆಯಲ್ಲೇ ಆ ಸಿನಿಮಾವನ್ನು ಆಡಿ ತೋರಿಸತೊಡಗಿದ. ನಾಯಕನಾಗಿ ಗುದ್ದಿದ, ಕುದುರೆಯಾಗಿ ಓಡಿದ. ನಾವು ಬಿದ್ದುಬಿದ್ದು ನಕ್ಕೆವು. ಕಳೆದುಹೋದ ಮಗನನ್ನು ಹುಡುಕುವ ತಾಯಿಯಾಗಿ ಅಳಲು ಶುರು ಮಾಡಿದವನಿಗೆ ನಿಲ್ಲಿಸಲು ಆಗಲಿಲ್ಲ. ಸಿನಿಮಾ ಅಲ್ಲಿಗೇ ನಿಂತಿತು.

ಊರಿಗೆ ಹೊರಡುವಾಗ ಡಿಸ್ಕನ್ನು ನನಗೇ ಕೊಟ್ಟುಹೋದ. ಯಾರ ಮನೆಯಲ್ಲಿ ಹೊಸ ಪ್ಲೇಯರ್ ಕಂಡರೂ ಹಾಕಿ ನೋಡುತ್ತೇನೆ. ಆ ತಾಯಿಗೆ ಮಗ ಸಿಕ್ಕಿದನೋ ಇಲ್ಲವೋ, ನನಗಿನ್ನೂ ಗೊತ್ತಾಗಿಲ್ಲ.